ಕಾಳನ ಕುತ್ತಿಗೆಯ ಸುಳಿ

ಕುಂದಾಪುರದ ಚಿತ್ರಶಾಲೆಯಲ್ಲಿ ನಾನು ಮಾಡಿದ ಕೆಲಸ ಏನೆಂದು ಕೇಳಿದರೆ ಮೊಳೆ ಹೊಡೆದದ್ದು ಎಂದೇ ಹೇಳಬೇಕು. ಮೊಳೆ ಹೊಡೆಯುವುದು, ಚಿತ್ರ ತೂಗುಹಾಕುವುದು, ಚೀಟಿ ಬರೆಯುವುದು, ಹಲ್ಲಿ ಓಡಿಸುವುದು. ನಿವೃತ್ತಿಯ ದಿನ ಹಾರ ಹಾಕಿದವರು ಇದನ್ನೆಲ್ಲ ಸೇರಿಸಿ 'ಕಲಾಸೇವೆ' ಎಂದರು. ಹಾರ ಹಾಕುವ ದಿನ ಯಾರೂ ನಿಜ ಹೇಳುವುದಿಲ್ಲ, ನಾನೂ ತಲೆ ತಗ್ಗಿಸಿ ಹಾಕಿಸಿಕೊಂಡೆ. ಈಗ ಇಂಥ ಕೆಲಸಕ್ಕೆ ಸೇರುವವರು ಓದಿಕೊಂಡು ಬರುತ್ತಾರೆ. ಏನು ಮಾಡಬೇಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಏನು ಮಾಡಬಾರದು ಎಂಬುದನ್ನು ಹೇಳುವ ಅರ್ಹತೆ ಮಾತ್ರ ನನಗಿದೆ, ಏಕೆಂದರೆ ಅದನ್ನೆಲ್ಲ ನಾನು ಮಾಡಿ ಮುಗಿಸಿದ್ದೇನೆ.

ನನ್ನ ತಂದೆಗೆ ಪೇಟೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇತ್ತು. ಚಿತ್ರಶಾಲೆಯ ಕಾರ್ಯದರ್ಶಿ ರಾಯರು, ವಕೀಲಿ ವೃತ್ತಿ ಬಿಟ್ಟು ಮನೆಯಲ್ಲಿ ಕುಳಿತವರು, ಒಂದು ದಿನ ಅಂಗಡಿಗೆ ಬಂದು ನಾನು ಮರಕ್ಕೆ ಮೆರುಗು ಉಜ್ಜುವುದನ್ನು ನೋಡುತ್ತ ನಿಂತರು. ಬಟ್ಟೆಯಿಂದ ಉಜ್ಜಿ, ಕೊನೆಗೆ ಹೆಬ್ಬೆರಳಿನಿಂದ ಎಡಕ್ಕೆ ತಿರುಗಿಸಿ ತಿರುಗಿಸಿ ಒತ್ತುವುದು ನನ್ನ ಪದ್ಧತಿ. "ವಾಸು, ನಮ್ಮಲ್ಲಿಗೆ ಬತ್ಯಾ?" ಎಂದರು. ಹೋದೆ. ಚಿತ್ರಗಳ ವಿಷಯ ಗೊತ್ತಿದ್ದವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ಹಾಳೂರಿಗೆ ಉಳಿದವನೇ ಗೌಡ.

ಚಿತ್ರಶಾಲೆ ಎಂದರೆ ದೊಡ್ಡದಾಗಿ ಊಹಿಸಬೇಡಿ. ಹೊಳೆಯ ಬದಿಯ ಒಂದು ಹಳೆಯ ಗೋದಾಮು, ಹಂಚಿನ ಮಾಡು, ಉದ್ದದ ಎರಡು ಕೋಣೆ. ಮಳೆಗಾಲವಿಡೀ ಬಾಗಿಲು ಹಾಕಿರುತ್ತಿತ್ತು. ಗೋಡೆಗೆ ಬೂಷ್ಟು, ಚಿತ್ರಕ್ಕೆ ಬೂಷ್ಟು, ನನಗೂ ಒಂದಿಷ್ಟು. ಮಳೆ ಬಿಟ್ಟು ನವರಾತ್ರಿ ಬಂದಾಗ ಬಾಗಿಲು ತೆರೆದು ಸುಣ್ಣ ಬಳಿದು, ಆ ವರ್ಷ ನಮ್ಮ ಕಡೆಯವರು ಬರೆದ ಹೊಸ ಚಿತ್ರಗಳನ್ನು ದೀಪಾವಳಿ ಕಳೆಯುವವರೆಗೆ ತೂಗುಹಾಕುತ್ತಿದ್ದೆವು. ಸತ್ತವರ ಚಿತ್ರ ರಾಯರಿಗೆ ಆಗುತ್ತಿರಲಿಲ್ಲ. ಬರೆದವನು ಬದುಕಿರಬೇಕು, ಬಂದು ಜಗಳ ಮಾಡುವಂತಿರಬೇಕು ಎನ್ನುತ್ತಿದ್ದರು.

ಮೊದಲ ಒಂದೆರಡು ವರ್ಷ ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಪ್ರತಿಯೊಂದು ಚಿತ್ರಕ್ಕೂ ಕೈಮುಗಿಯುತ್ತಿದ್ದರು. ಕಟ್ಟು ಹಾಕಿ ಗೋಡೆಗೆ ಏರಿಸಿದ್ದು ದೇವರೇ ಎಂಬುದು ಆಗಿನ ಲೆಕ್ಕ. ಗಂಗೊಳ್ಳಿಯ ಬಂದರಿನ ಚಿತ್ರದ ಎದುರು ಒಬ್ಬ ಅಜ್ಜಿ ಕಣ್ಣು ಮುಚ್ಚಿ ನಿಂತು, ಕೊನೆಗೆ ನನ್ನನ್ನು ಕರೆದು, "ಹ್ವಾಯ್, ಇದ್ ಯಾವ್ ದೇವ್ರ್?" ಎಂದಳು. ಅದು ಬಂದರು ಎಂದೆ. "ಆಯ್ಲಿ ಬಿಡಿ, ಕೈ ಮುಗ್ದ್ ಆಯ್ತಲ್ಲೆ" ಎಂದು ಮುಂದಿನ ಚಿತ್ರಕ್ಕೆ ಹೋದಳು.

ಯುದ್ಧ ಶುರುವಾದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಗಾಜು ಬರುವುದು ನಿಂತಿತು, ವಿಲಾಯತಿ ಬಣ್ಣ ನಿಂತಿತು, ಕೊನೆಗೆ ಮೊಳೆಗೂ ತತ್ವಾರ. ಹಳೆಯ ಮೊಳೆಗಳನ್ನು ಕಿತ್ತು ಕಲ್ಲಿನ ಮೇಲೆ ಇಟ್ಟು ನೆಟ್ಟಗೆ ಮಾಡುತ್ತಿದ್ದೆ. ತಂತಿಯ ಬದಲು ತೆಂಗಿನ ನಾರಿನ ಹುರಿ. ಹುರಿ ಬೆಳಿಗ್ಗೆಯ ತಂಪಿಗೆ ಬಿಗಿದುಕೊಂಡು ಮಧ್ಯಾಹ್ನದ ಬಿಸಿಲಿಗೆ ಸಡಿಲವಾಗುತ್ತಿತ್ತು. ಹೀಗಾಗಿ ದಿನಕ್ಕೆರಡು ಸಲ ಎಲ್ಲ ಚಿತ್ರಗಳ ಓರೆ ತಿದ್ದಬೇಕು. ಚೀಟಿ ಅಂಟಿಸಲು ಹುಣಸೆ ಬೀಜದ ಅಂಟು ಕುದಿಸಿದೆ. ಜಿರಲೆಗಳು ಚೀಟಿಯನ್ನೇ ತಿಂದು ಹಾಕಿದವು. ಅಂಟಿಗೆ ಮೈಲುತುತ್ತ ಬೆರೆಸಬೇಕು ಎಂದು ಆಗ ಕಲಿತೆ. ಇಂಥದ್ದೆಲ್ಲ ಈಗಿನವರಿಗೆ ಬೇಕಾಗದಿರಬಹುದು.

ಯುದ್ಧದ ನಡುವಿನ ಒಂದು ವರ್ಷ ರಾಯರು ಪ್ರಾಣಿಗಳ ಪ್ರದರ್ಶನ ಮಾಡುವ ಎಂದರು. ಮನುಷ್ಯರ ಸುದ್ದಿ ಪತ್ರಿಕೆಯಲ್ಲಿ ಓದಿ ಓದಿ ಅವರಿಗೆ ಸಾಕಾಗಿತ್ತು. "ಈ ವರ್ಷ ಗೋಡಿ ಮೇಲ್ ಒಂದ್ ಮನ್ಷನ ಮುಖವೂ ಬೇಡ" ಎಂದು ಅಪ್ಪಣೆಯಾಯಿತು. ಬ್ರಹ್ಮಾವರದಿಂದ ಹಂಚಿನ ಮಣ್ಣಿನ ಆಮೆಗಳು ಬಂದವು. ಸಾಲಿಗ್ರಾಮದಿಂದ ಒಬ್ಬರು ಕಪ್ಪು ಶಾಯಿಯಲ್ಲಿ ಬರೀ ಕಾಗೆ ಬರೆದು ಕಳಿಸಿದರು, ಹನ್ನೆರಡು ಕಾಗೆ, ಒಂದಕ್ಕಿಂತ ಒಂದು ಸಿಟ್ಟಿನದ್ದು. ಬೈಂದೂರಿನಿಂದ ಬಂದದ್ದು ಒಡೆದ ದೋಣಿಯ ಹಲಗೆಗಳ ಮೇಲೆ ಬರೆದ ಮೀನುಗಳು. ದೋಣಿಯ ಮರಕ್ಕೆ ವರ್ಷವರ್ಷವೂ ಮೀನೆಣ್ಣೆ ಹಚ್ಚಿರುತ್ತಾರೆ ಎಂಬುದು ನನಗೆ ಮೂಗಿನಿಂದಲೇ ತಿಳಿಯಬೇಕಿತ್ತು. ಬಾಗಿಲು ತೆರೆದ ಮೊದಲ ದಿನವೇ ಪೇಟೆಯ ಬೆಕ್ಕುಗಳೆಲ್ಲ ಒಳಗೆ ಬಂದು ಹಲಗೆ ನೆಕ್ಕಿದವು. ಆ ಕಲಾವಿದ ಬೇಸರಿಸುತ್ತಾನೆ ಎಂದು ಹೆದರಿದ್ದೆ. ಅವನು ಬಂದು ನೋಡಿ, "ನಮ್ಮನಿಯರಿಗೆ ತೋರ್ಸಿದ್ರೆ ಇಷ್ಟ್ ಖುಷಿ ಪಡ್ಲಿಲ್ಲೆ ಮರಾಯ್ರೆ" ಎಂದು ಬೆಕ್ಕಿನ ಬೆನ್ನು ಸವರಿದ.

ಆ ವರ್ಷದ ಮುಖ್ಯ ಚಿತ್ರ ಅದಾವುದೂ ಅಲ್ಲ. ಬ್ರಹ್ಮಾವರದ ಕಡೆ ಶಾಲೆಯೊಂದರಲ್ಲಿದ್ದ ಡ್ರಾಯಿಂಗ್ ಮಾಸ್ತರರು ಒಂದು ಕೋಣವನ್ನು ಬರೆದಿದ್ದರು. ಬಟ್ಟೆಯ ಮೇಲೆ ಎಣ್ಣೆ ಬಣ್ಣ, ಆಳೆತ್ತರದ ಚಿತ್ರ. ಮಾಸ್ತರರು ರಜೆಯಲ್ಲಿ ಹಟ್ಟಿಯಂಗಡಿಯ ನೆಂಟರ ಮನೆಗೆ ಹೋದಾಗ ಹತ್ತಿರದ ಶೀನ ಎಂಬ ಒಕ್ಕಲಿನವನ ಹಟ್ಟಿಯಲ್ಲಿ ಆ ಕೋಣವನ್ನು ಕಂಡು ಮೂರು ದಿನ ಅಲ್ಲೇ ಕುಳಿತು ಬರೆದದ್ದಂತೆ. ಕೋಣದ ಹೆಸರು ಕಾಳ. ಶೀನ ಅದನ್ನು ಕರುವಿನಿಂದ ಸಾಕಿದವನು. ದೊಡ್ಡಮನೆಯ ಹೆಗ್ಡೇರ ಗದ್ದೆಯನ್ನು ಗೇಣಿಗೆ ಮಾಡಿಕೊಂಡಿದ್ದ, ಕಾಳ ಮತ್ತು ಅದರ ಜೋಡಿ ಬಿಟ್ಟರೆ ಅವನಿಗೆ ಸ್ವಂತದ್ದು ಎಂಬುದು ಏನೂ ಇರಲಿಲ್ಲ. ಹೂಡಲು ಕೋಣ ಇದ್ದವನಿಗೆ ಗದ್ದೆ, ಇಲ್ಲದವನಿಗೆ ಇಲ್ಲ. ಆಗಿನ ಗೇಣಿಯ ಮಾತು ಅಷ್ಟೇ.

ಚಿತ್ರ ಬಂದದ್ದು ಇದ್ದಿಲಿನಿಂದ ಓಡುವ ಆಗಿನ ಬಸ್ಸಿನ ಮೇಲೆ, ನಡುವೆ ಮಾಬುಕಳದ ಕಡವಿನಲ್ಲಿ ದೋಣಿ ದಾಟಿ. ವಿಲಾಯತಿ ಸಾಮಾನು ಸಿಗದೆ ಮಾಸ್ತರರು ಬಣ್ಣದ ಕೆಳಗೆ ಬಟ್ಟೆಗೆ ಬಡಗಿಯ ಅಂಟಿನ ಅಸ್ತರಿ ಕೊಟ್ಟಿದ್ದರು, ಒಣಗಿದ ಮೇಲೆ ಅದು ತಾಗಿದರೆ ಒಡೆಯುವಂಥದ್ದು. ಬಾಗಿಲು ತೆರೆಯುವ ದಿನ ಬೆಳಿಗ್ಗೆ ನಾನೊಬ್ಬನೇ ಅದನ್ನು ಏರಿಸುವಾಗ ಮೂಲೆ ಕಂಬಕ್ಕೆ ತಾಗಿತು. ಕೋಣದ ಕುತ್ತಿಗೆಯಿಂದ, ನೊಗ ಕೂರುವ ಜಾಗದಿಂದ, ಒಂದು ರೂಪಾಯಿಯಗಲದ ಬಣ್ಣ ಚಕ್ಕೆಯಾಗಿ ಉದುರಿ ನನ್ನ ಕಾಲ ಬಳಿ ಪುಡಿಯಾಯಿತು. ಬರಿಯ ಬಟ್ಟೆ ಬೆಳ್ಳಗೆ ಕಾಣುತ್ತಿತ್ತು.

ರಾಯರಿಗೆ ಹೇಳಬೇಕಿತ್ತು. ಮಾಸ್ತರರಿಗೆ ತಂತಿ ಕೊಡಬೇಕಿತ್ತು. ನಾನು ಅಂಗಡಿಯಿಂದ ದೀಪದ ಮಸಿ, ಅಗಸೆ ಎಣ್ಣೆ ತಂದು ಕಲಸಿ, ಆ ಜಾಗಕ್ಕೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಮೆರುಗು ಕೊಟ್ಟೆ. ದೂರ ನಿಂತು ನೋಡಿದೆ. ಗೊತ್ತೇ ಆಗುತ್ತಿರಲಿಲ್ಲ. ನನ್ನ ಕೈಯ ಬಗ್ಗೆ ನನಗೆ ಹೆಮ್ಮೆಯೇ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಆ ಹೆಮ್ಮೆಯಲ್ಲೇ ಇನ್ನೊಂದು ಜಾಣತನ ಮಾಡಿದೆ. ಚೀಟಿಯಲ್ಲಿ ಚಿತ್ರದ ಹೆಸರು, ಬರೆದವರ ಹೆಸರು ಇಷ್ಟೇ ಇರುವುದು ಪದ್ಧತಿ. ನಾನು ಕೆಳಗೆ 'ಹಟ್ಟಿಯಂಗಡಿಯ ಶೀನನ ಕೋಣ' ಎಂದು ಸೇರಿಸಿದೆ. ಊರವರ ಹೆಸರಿದ್ದರೆ ಊರವರು ಬರುತ್ತಾರೆ ಎಂದು ನನ್ನ ಲೆಕ್ಕ.

ಬಂದರು. ಮೂರನೆಯ ದಿನದಿಂದ ಆ ಚಿತ್ರದ ಎದುರು ಜನವೋ ಜನ. ಕಂಬಳಿ ಹೊದ್ದವರು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟವರು, ಚಿತ್ರಶಾಲೆ ಯಾವ ದಿಕ್ಕಿಗಿದೆ ಎಂದು ತಿಳಿಯದವರು ಹೊಳೆ ದಾಟಿ ಬಂದು ಕಾಗೆ, ಆಮೆ, ಮೀನು ಯಾವುದನ್ನೂ ನೋಡದೆ ನೇರ ಕೋಣದ ಎದುರು ನಿಂತರು. ಬೆರಳು ತೋರಿಸಿ ಪಿಸುಗುಟ್ಟಿದರು. ರಾಯರ ಕಣ್ಣಲ್ಲಿ ನೀರು ಬಂತು. "ಕಂಡ್ಯಾ ವಾಸು, ಕಲೆ ಕಡೆಗೂ ಜನರನ್ನ ಮುಟ್ತ್" ಎಂದು ಪತ್ರಿಕೆಗೊಂದು ಕಾಗದ ಬರೆಯಲು ಕುಳಿತರು. ಜನರನ್ನು ಮುಟ್ಟಿದ್ದು ಕಲೆಯಲ್ಲ, ನನ್ನ ಹೆಬ್ಬೆರಳು ಎಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಶೀನನೇ ಬಂದು ತಿಳಿಸಿದ. ಮಧ್ಯ ವಯಸ್ಸಿನ, ಗಟ್ಟಿ ಮೈಯ ಮನುಷ್ಯ. ಚಿತ್ರದ ಎದುರು ಬಹಳ ಹೊತ್ತು ನಿಂತ. ಆಮೇಲೆ ನನ್ನ ಕಡೆ ತಿರುಗಿದ.

"ಹ್ವಾಯ್, ಈ ಸುಳಿ ಎಲ್ಲಿಂದ ಬಂತ್?"

"ಯಾವ ಸುಳಿ?"

"ಕಾಣಿ, ಕುತ್ತಿಗಿ ಮೇಲ್. ಎಡಕ್ಕ್ ತಿರ್ಗಿದ್ದ್."

ಹತ್ತಿರ ಹೋಗಿ ಅವನ ಬೆರಳಿನ ದಾರಿಯಲ್ಲೇ ನೋಡಿದೆ. ಹೌದು. ನಾನು ತಿರುಗಿಸಿ ಒತ್ತಿದ ಗುರುತು ಕೂದಲಿನ ಸುಳಿಯ ಹಾಗೆಯೇ ಮೂಡಿತ್ತು. ಜಾನುವಾರು ಕಟ್ಟಿದವರಿಗೆ ಸುಳಿ ಎಂದರೆ ಜಾತಕ. ನೊಗ ಕೂರುವ ಜಾಗದಲ್ಲಿ ಎಡಸುಳಿ ಇದ್ದ ಕೋಣ ಹೂಡಿದ ಗದ್ದೆಯ ಯಜಮಾನನಿಗೆ ಉಳಿವಿಲ್ಲ ಎಂದು ಆ ಕಡೆ ಗಟ್ಟಿಯಾಗಿ ನಂಬುತ್ತಿದ್ದರು. ಪೇಟೆಯಲ್ಲಿ ಹುಟ್ಟಿದ ನನಗೆ ಕೋಣಕ್ಕೆ ಸುಳಿ ಇರುತ್ತದೆ ಎಂಬುದೇ ಗೊತ್ತಿರಲಿಲ್ಲ, ಶೀನನೇ ಬಿಡಿಸಿ ಹೇಳಿದ.

"ಹಾಗಾದರೆ ನಿನ್ನ ಕೋಣವನ್ನೇ ತೋರಿಸಬಹುದಲ್ಲ? ಅದಕ್ಕೆ ಸುಳಿ ಇಲ್ಲವಲ್ಲ?" ಎಂದೆ.

ಅವನು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ನೊಗ ತಾಗಿ ತಾಗಿ ಅಲ್ಲಿ ರೋಮವೇ ಇಲ್ಲೆ, ಚರ್ಮ ದಡ್ಡ್ ಕಟ್ಟಿತ್ತ್. ಸುಳಿ ಇದ್ದದ್ದನ್ನ ನಾನೇ ಕಾದ ಕಬ್ಣ ಇಟ್ಟ್ ಸುಟ್ಟದ್ದ್ ಅಂತ್ರ್ ಎಲ್ಲರೂ. ಮಾಸ್ಟ್ರು ಅದ್ಕೂ ಮುಂಚೆ ಕಂಡ್ ಬರ್ದದ್ದ್ ಅಂಬ್ರ್. ಹೆಗ್ಡೇರ್ ಹೇಳಿ ಕಳ್ಸಿದ್ರ್, ಆ ಕೋಣ ಅವ್ರ್ ಗದ್ದಿಗೆ ಇಳಿಯುಕಾಗ ಅಂತ. ಸುಗ್ಗಿ ಹೂಟಿ ಶುರುವಾಪುದ್ ಬಪ್ಪ ವಾರ. ನಾ ಎಂತ ಮಾಡ್ಕ್ ಹೇಳಿ. ಈ ಸುಳಿ ಬರ್ದದ್ದ್ ಯಾರ್?"

"ಮಾಸ್ತರರೇ ಬರೆದದ್ದು" ಎಂದೆ.

ಬಾಯಿಂದ ಬಂದು ಹೋಯಿತು. ನಲವತ್ತು ವರ್ಷ ಆ ಕಟ್ಟಡದಲ್ಲಿ ಕೆಲಸ ಮಾಡಿದ್ದೇನೆ, ಆದರೆ ಅಷ್ಟು ನೀಚವಾದ ಮಾತು ಇನ್ನೊಂದು ಆಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಅಷ್ಟೇ, ಬೇರೆ ನೆಪ ಹೇಳುವುದಿಲ್ಲ. ಕಲಾವಿದನ ಚಿತ್ರಕ್ಕೆ ನೌಕರ ಬಣ್ಣ ಹಚ್ಚುವುದೆಂದರೆ ರಾಯರ ಪ್ರಕಾರ ಸುಳ್ಳು ಸಾಕ್ಷಿ ಹೇಳಿದ ಹಾಗೆ.

ಶೀನ ಮರುದಿನ ಬ್ರಹ್ಮಾವರಕ್ಕೆ ನಡೆದೇ ಹೋದ. ಮಾಸ್ತರರು ಇವನ ಮಾತು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲವಂತೆ. ಸ್ವಲ್ಪ ಗತ್ತಿನ ಮನುಷ್ಯ. "ನಾನು ಕಂಡದ್ದನ್ನೇ ಬರೆಯುವವ. ನನ್ನ ಚಿತ್ರದಲ್ಲಿ ಇದ್ದರೆ ಕೋಣದ ಮೈಮೇಲೂ ಇತ್ತು" ಎಂದು ಬಾಗಿಲು ಹಾಕಿಕೊಂಡರಂತೆ. ಇದು ಕುಂದಾಪುರಕ್ಕೆ ತಲುಪಿದಾಗ ನನಗೆ ಮೊದಲು ಆದದ್ದು ಸಮಾಧಾನ. ಮಾಸ್ತರರೇ ಒಪ್ಪಿಕೊಂಡ ಮೇಲೆ ನನ್ನನ್ನು ಕೇಳುವವರು ಯಾರು?

ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದಾಯಿತು. ಯಾರು ಚಿತ್ರದ ಎದುರು ನಿಂತರೂ ನನ್ನ ಕೈ ಬೆನ್ನ ಹಿಂದೆ ಹೋಗುತ್ತಿತ್ತು. ನೆರೆಯವರು ಶೀನನ ಜೊತೆ ಒಬ್ಬರ ಗದ್ದೆಗೊಬ್ಬರು ದುಡಿಯುವ ಮುಯ್ಯಾಳು ಬಿಟ್ಟರು ಎಂದು ಕೇಳಿದೆ. ಅವನ ಹೆಂಡತಿಗೆ ಬಾವಿಕಟ್ಟೆಯಲ್ಲಿ ಯಾರೋ, "ಎಷ್ಟ್ ಜನರನ್ನ ತಿಂಬುಕೆ ಆ ಕೋಣ ಸಾಕಿದ್ರಿ?" ಎಂದರಂತೆ. ಹೆಗ್ಡೇರು ಗದ್ದೆಗೆ ಬೇರೆ ಒಕ್ಕಲನ್ನು ಹುಡುಕುತ್ತಿದ್ದಾರೆ ಎಂದು ಸಂತೆಯಲ್ಲಿ ಮಾತಾಯಿತು. ಎಂಟು ದಿನ ಇದನ್ನೆಲ್ಲ ಕೇಳುತ್ತ ದಿನಕ್ಕೆರಡು ಸಲ ಆ ಚಿತ್ರದ ಓರೆ ತಿದ್ದಿದೆ. ಒಂಬತ್ತನೆಯ ಬೆಳಿಗ್ಗೆ ರಾಯರ ಮನೆಗೆ ಹೋಗಿ ಹೇಳಿಬಿಟ್ಟೆ.

ರಾಯರು ಕಾಫಿಯ ಲೋಟ ಕೆಳಗಿಟ್ಟರು. "ಚಿತ್ರಕ್ಕೆ ಕೈ ಹಾಕಿದ್ಯಾ?"

"ಹೌದು."

"ಅವ ಕೇಂಡಾಗ ಸುಳ್ಳ್ ಹೇಳ್ದ್ಯಾ?"

"ಹೌದು."

"ನಿನ್ನನ್ನ ಎಂತ ಮಾಡ್ಕ್ ಅಂತ ಆಮೇಲ್ ಕಾಂಬ. ಈಗಳ್ ಎಲ್ಲರಿಗೂ ಹೇಳಿ ಕಳ್ಸ್. ಹೆಗ್ಡೇರೂ ಬರ್ಕ್, ಮಾಸ್ಟ್ರೂ ಬರ್ಕ್, ಶೀನನೂ."

ಮರುದಿನ ಮಧ್ಯಾಹ್ನ ಎಲ್ಲರೂ ಸೇರಿದರು. ರಾಯರು ಹಳೆಯ ಕಪ್ಪು ಕೋಟು ಹಾಕಿಕೊಂಡೇ ಬಂದಿದ್ದರು. ನಾನು ನಡೆದದ್ದನ್ನು ಹೇಳಿ, ಬಟ್ಟೆಗೆ ಟರ್ಪೆಂಟೈನು ಹಾಕಿ, ನನ್ನ ಮಸಿಯನ್ನು ಎಲ್ಲರೆದುರು ಒರೆಸಿದೆ. ಬೆಳ್ಳಗಿನ ಬಟ್ಟೆ ಕಂಡಿತು. ಮಾಸ್ತರರು "ಅಯ್ಯೋ" ಎಂದರು. ಹೆಗ್ಡೇರು ಮಾತ್ರ ಅಲುಗಲಿಲ್ಲ. "ಉದುರಿ ಹೋದ್ರಲ್ಲಿ ಸುಳಿ ಇರ್ಲಿಲ್ಲೆ ಅಂತ ಹ್ಯಾಂಗ್ ಹೇಳುದ್, ರಾಯ್ರೆ? ಇದ್ದದ್ದನ್ನೇ ಕಂಡ್ ಇವ ತಿದ್ದಿರ್ಲಕ್ಕ್. ಒಕ್ಕಲ್ನವನ ಮೇಲ್ ಪಾಪ ಕಂಡ್ ಈಗ ಹೀಂಗ್ ಹೇಳ್ತಿರ್ಲೂ ಅಕ್ಕ್" ಎಂದರು.

ಅದು ನ್ಯಾಯವಾದ ಮಾತೇ. ನನಗೆ ಬೇರೆ ದಾರಿ ತೋಚಲಿಲ್ಲ. ಮಸಿಯ ಬಟ್ಟಲು ತೆಗೆದುಕೊಂಡು ಹೊಸ ಸುಣ್ಣದ ಗೋಡೆಯ ಮೇಲೆ ಒಂದು ಕಡೆ ಹಚ್ಚಿ, ಯೋಚನೆ ಮಾಡದೆ ಹೆಬ್ಬೆರಳಿನಿಂದ ಮೆರುಗು ಕೊಟ್ಟೆ. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಆರು ಮಾಡಿದೆ. ಆರೂ ಎಡಸುಳಿ. ಹೆಗ್ಡೇರು ಎದ್ದು ಬಂದು ಒಂದೊಂದನ್ನೂ ಬಗ್ಗಿ ನೋಡಿದರು.

ರಾಯರು ಮಾಸ್ತರರ ಕಡೆ ತಿರುಗಿದರು. "ಮಾಸ್ಟ್ರೆ, ಈಗ ನೀವ್ ಹೇಳಿ. ಆ ಕುತ್ತಿಗಿ ಮೇಲ್ ಸುಳಿ ಕಂಡಿದ್ರಾ, ಇಲ್ಲ್ಯಾ?"

ಮಾಸ್ತರರು ಬೆವರು ಒರೆಸಿಕೊಂಡರು. "ನಾನು ಬರೆಯುವ ಮೂರು ದಿನವೂ ಕೋಣದ ಕುತ್ತಿಗೆಗೆ ಗೋಣಿ ಹೊದಿಸಿತ್ತು, ನೊಗದ ಹುಣ್ಣಿಗೆ ನೊಣ ಕೂರದ ಹಾಗೆ. ಕುತ್ತಿಗೆಯನ್ನು ಮನೆಯಲ್ಲಿ ಕುಳಿತು ಬರೆದೆ. ನಾನು ಅದನ್ನು ಕಾಣಲೇ ಇಲ್ಲ."

ಕಂಡದ್ದನ್ನೇ ಬರೆಯುವವ ಎಂದವರ ಬಾಯಿಂದ ಆ ಮಾತು ಹೊರಡುವುದು ಸುಲಭವಿರಲಿಲ್ಲ. ಅಂದಿನಿಂದ ನನಗೆ ಅವರ ಬಗ್ಗೆ ಗೌರವ. ಅವರಿಗೆ ನನ್ನ ಬಗ್ಗೆ ಯಾವತ್ತೂ ಬರಲಿಲ್ಲ. ಅಂದೇ ಚಿತ್ರ ಇಳಿಸಿಕೊಂಡು ಹೋದರು, ಮತ್ತೆ ನಮ್ಮಲ್ಲಿಗೆ ಒಂದು ಗೆರೆಯನ್ನೂ ಕಳಿಸಲಿಲ್ಲ.

ಹೆಗ್ಡೇರು ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಶೀನ, ನಾಳೆ ಹೂಡುಕೆ ಶುರು ಮಾಡ್" ಎಂದು ಹೊರಟರು. ಶೀನ ಅವರಿಗೆ ಕೈಮುಗಿದ. ನಮ್ಮ ಯಾರ ಮುಖವನ್ನೂ ನೋಡದೆ ಹೋದ.

ರಾಯರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಒಳ್ಳೆಯದಿತ್ತೇನೋ ಎನ್ನುವಷ್ಟು ಬೈದರು. ಇನ್ನು ಮುಂದೆ ಚಿತ್ರಕ್ಕೆ ಏನೇ ಆಗಲಿ, ಆದದ್ದನ್ನು ಆದ ಹಾಗೆ ಚೀಟಿಯಲ್ಲಿ ಬರೆದು ಪಕ್ಕಕ್ಕೆ ಅಂಟಿಸಬೇಕು ಎಂದು ನಿಯಮ ಮಾಡಿದರು. 'ಈ ಚಿತ್ರದ ಬಲಮೂಲೆಯನ್ನು ಗೆದ್ದಲು ತಿಂದಿದೆ' ಎಂಬಂಥ ಚೀಟಿಗಳನ್ನು ಆಮೇಲೆ ನಾನು ಎಷ್ಟು ಬರೆದೆನೋ. ನೋಡಲು ಬಂದವರು ನಗುತ್ತಿದ್ದರು. ಬೇರೆ ಊರುಗಳ ಚಿತ್ರಶಾಲೆಯವರೂ ನಕ್ಕರು. ನಗಲಿ. ಹೊಸಬರಿಗೆ ನಾನು ಹೇಳುವುದೂ ಅಷ್ಟೇ: ಹಾಳಾದದ್ದು ಹಾಳಾದ ಹಾಗೆಯೇ ಕಾಣಲಿ. ತಿದ್ದಿ ಮುಚ್ಚಿದ್ದು ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಮನಸ್ಸು ಒಪ್ಪುವುದಿಲ್ಲ. ಎರಡು ದಿನ ಬಿಟ್ಟು ನಾನು ಹಟ್ಟಿಯಂಗಡಿಗೆ ಹೋದೆ. ತಪ್ಪಾಯಿತು ಎಂದು ಅವನಿಗೆ ಎದುರೆದುರು ಹೇಳಬೇಕಿತ್ತು. ಶೀನ ನೀರು ನಿಂತ ಗದ್ದೆಯಲ್ಲಿ ಹೂಡುತ್ತಿದ್ದ. ಕಾಳನನ್ನು ನಾನು ಜೀವಂತ ನೋಡಿದ್ದು ಅದೇ ಮೊದಲು. ಚಿತ್ರದಲ್ಲಿದ್ದಷ್ಟು ದೊಡ್ಡದಿರಲಿಲ್ಲ. ನಾನು ಗದ್ದೆಯಂಚಿನಲ್ಲಿ ನಿಂತು, "ಶೀನ, ನನ್ನಿಂದ ತಪ್ಪಾಯಿತು ಮಾರಾಯ. ನಿನ್ನ ಕೋಣಕ್ಕೆ ಬಂದ ಅಪವಾದ ಹೋಯಿತಲ್ಲ, ಅದೊಂದು ನನಗೆ ಸಮಾಧಾನ" ಎಂದೆ.

ಅವನು ಕೋಣಗಳನ್ನು ನಿಲ್ಲಿಸಿದ. ಸಿಟ್ಟಿನಲ್ಲಿ ಇರಲಿಲ್ಲ.

"ಊರವ್ರ್ ಹೇಳಿದ್ದ್ ಹೋಯ್ತ್" ಎಂದ. "ನಾ ಮಾಡಿದ್ದ್ ಹ್ಯಾಂಗ್ ಹೋತ್ತ್? ಕರು ಇಪ್ಪ ಹೊತ್ತಿಗೆ ಬಾಯಿಗೆ ಹಾಲ್ ಹಿಂಡಿ ಸಾಕಿದ್ದ್ ನಾನ್. ಇದ್ರ್ ಮೈಯ್ಯಲ್ ಎಲ್ಲೆಲ್ಲಿ ಸುಳಿ ಇತ್ತಂತ ಕಣ್ಣ್ ಮುಚ್ಚಿ ಹೇಳುವೆ. ಆದ್ರೂ ಆ ಎಂಟ್ ದಿನದೊಳ್ಗೆ ಎರ್ಡ್ ಸಲ ಇದ್ರ್ ಕುತ್ತಿಗಿ ಹಿಡ್ದ್, ದಡ್ಡ್ ಚರ್ಮ ಬಿಡ್ಸಿ ಬಿಡ್ಸಿ ಕಂಡೆ. ಸುಳಿ ಇತ್ತಾ ಅಂತ. ನೋವಾಯಿ ಕೂಗ್ತ್. ಆದ್ರೂ ಬಿಡ್ಲಿಲ್ಲೆ."

ಅವನು ಕಾಳನ ಬೆನ್ನ ಮೇಲೆ ಕೈಯಿಟ್ಟ. ಕೋಣ ಬೆನ್ನು ತಗ್ಗಿಸಿ ಒಂದು ಹೆಜ್ಜೆ ಆಚೆ ಸರಿಯಿತು.

"ಕಂಡ್ರ್ಯಾ" ಎಂದ ಶೀನ. "ಮುಂಚೆ ಹೀಂಗ್ ಮಾಡ್ತಿರ್ಲಿಲ್ಲೆ."